ಸ್ಮಾರ್ಟ್ ಮೆಟೀರಿಯಲ್: ಜಾಣ ವಸ್ತುವೋ, ಮಿಡಿಯುವ ವಸ್ತುವೋ?

ಗೆಳೆಯರೇ, ನಮಸ್ಕಾರ.

ಕಲಬುರಗಿಯಲ್ಲಿ ಡಿಪ್ಲೊಮಾ ಸಿವಿಲ್ ಓದುವ ಹುಡುಗರಿಗಾಗಿ ಕನ್ನಡದಲ್ಲಿ ನೋಟ್ಸ್ ಬರೆಯುತ್ತಿದ್ದೇನೆ. ಈಗ ಬಂದಿರುವುದು ಸ್ಮಾರ್ಟ್ ಮೆಟೀರಿಯಲ್ ಅಧ್ಯಾಯ. ಒತ್ತಡ, ಬಿಸಿ, ವಿದ್ಯುತ್ ತಾಕಿದರೆ ತಾವೂ ಬದಲಾಗಿ ತೋರಿಸುವ ವಸ್ತುಗಳು. ಸೇತುವೆ, ಅಣೆಕಟ್ಟುಗಳ ಒಳಗೆ ಏನು ನಡೆದಿದೆ ಅಂತ ತಿಳಿಯಲು ಇಂಥವನ್ನು ಬಳಸುತ್ತಾರೆ. ಮೊದಲ ಸಾಲಿಗೇ ನಿಂತುಬಿಟ್ಟೆ. 'ಜಾಣ ವಸ್ತು' ಅಂತ ಬರೆದು ಹೊಡೆದುಹಾಕಿದೆ. 'ಚತುರ ವಸ್ತು' ಕೂಡ ಮನಸ್ಸಿಗೆ ಬರಲಿಲ್ಲ.

ಜಾಣ ಅಂದರೆ ಯೋಚನೆ ಮಾಡುವವನು, ಅಲ್ವಾ? ಈ ವಸ್ತುಗಳು ಯೋಚಿಸುವುದಿಲ್ಲ. ಅಡುಗೆಮನೆಯ ಗ್ಯಾಸ್ ಲೈಟರ್ ನೋಡಿ. ಚಟ್ ಅಂತ ಒತ್ತಿದರೆ ಒಳಗಿನ ಪೀಜೋ ತುಂಡಿಗೆ ಪೆಟ್ಟು ಬೀಳುತ್ತದೆ, ಕಿಡಿ ಹಾರುತ್ತದೆ. ಪೀಜೋ ಅನ್ನುವುದರ ಗ್ರೀಕ್ ಮೂಲಕ್ಕೂ 'ಒತ್ತು' ಅಂತಲೇ ಅರ್ಥ. ಕೆಲವು ಹರಳುಗಳಿಗೆ ಈ ಗುಣ ಇದೆ ಅಂತ 1880ರಲ್ಲೇ ಫ್ರಾನ್ಸಿನ ವಿಜ್ಞಾನಿಗಳಾದ ಕ್ಯೂರಿ ಅಣ್ಣತಮ್ಮಂದಿರು ತೋರಿಸಿದ್ದರು. ಒತ್ತಿದರೆ ವಿದ್ಯುತ್ ಕೊಡುತ್ತದೆ, ವಿದ್ಯುತ್ ಕೊಟ್ಟರೆ ನಡುಗುತ್ತದೆ. ಇದೇ ಗುಣದ, ಪಿಂಗಾಣಿಯಂಥ ಪಿಜಡ್‌ಟಿ ಬಿಲ್ಲೆಯನ್ನು ತೊಲೆಗೆ ಅಂಟಿಸಿ ನಡುಗಿಸುತ್ತಾರೆ. ತೊಲೆಯಲ್ಲಿ ಬಿರುಕು ಬಿದ್ದಿದ್ದರೆ ಆ ನಡುಕದ ರೀತಿ ಬದಲಾಗುತ್ತದೆ. ಜಾಣತನ ಏನಿದ್ದರೂ ಅದನ್ನು ಓದುವ ಇಂಜಿನಿಯರದು.

ಚಿತ್ತಾಪುರದ ಹತ್ತಿರ ನಮ್ಮ ಅಣ್ಣನ ಮನೆ ಎರೆಮಣ್ಣಿನ ಮೇಲಿದೆ. ಆ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಗೋಡೆ ಬಿರುಕು ಬಿಟ್ಟಿತ್ತು. ಹೋದ ಬೇಸಿಗೆಯಲ್ಲಿ ಗೌಂಡಿ ಬಂದು, ಗೇಣುದ್ದದ ಕಿಟಕಿ ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡ ಇಟ್ಟು, ಎರಡೂ ತುದಿಗೆ ಸಿಮೆಂಟ್ ಮೆತ್ತಿದರು. ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು ಬರೆದರು. "ಗ್ವಾಡಿ ಸರದ್ರ ಈ ಗಾಜ್ ಹೇಳ್ತದ ನೋಡ್ರಿ" ಅಂದರು. ಮಳೆಗಾಲ ಮುಗಿಯುವ ಹೊತ್ತಿಗೆ ಗಾಜಿನ ನಡುವೆ ಕೂದಲೆಳೆಯಷ್ಟು ಗೆರೆ ಮೂಡಿತ್ತು. ಗಾಜು ಹೇಳಿತ್ತು! ಅವರ ಆ ಮಾತು ನನ್ನನ್ನು ಬಿಟ್ಟಿಲ್ಲ.

ಆಗ ಹೊಳೆದದ್ದು 'ಮಿಡಿ'. ಬೆರಳು ತಾಕಿದರೆ ತಂತಿ ಮಿಡಿಯುತ್ತದೆ. ಇನ್ನೊಬ್ಬರ ಕಷ್ಟ ಕಂಡರೆ ಮನಸ್ಸು ಮಿಡಿಯುತ್ತದೆ. ವೈದ್ಯರು ಕೈ ಹಿಡಿದು ನೋಡುವುದೂ ನಾಡಿಮಿಡಿತವನ್ನೇ. ಪೀಜೋ ಬಿಲ್ಲೆಗೆ ಇದಕ್ಕಿಂತ ಒಪ್ಪುವ ಮಾತು ನನಗಂತೂ ಸಿಕ್ಕಿಲ್ಲ. ಹೀಗೆ ಕಟ್ಟಡ, ಸೇತುವೆಗಳ ಸ್ಥಿತಿಯ ಮೇಲೆ ಕಣ್ಣಿಡುವ ಹೆಲ್ತ್ ಮಾನಿಟರಿಂಗ್‌ಗೆ 'ಆರೋಗ್ಯದ ನಿಗಾ' ಅಂತ ಇಟ್ಟಿದ್ದೇನೆ. ಕ್ಲಾಸಿನಲ್ಲಿ ಮಾತ್ರ 'ಸೇತುವೆಯ ತಬ್ಯತ್' ಅಂದರೆ ಹುಡುಗರಿಗೆ ಬೇಗ ಹತ್ತುತ್ತದೆ.

ತೊಡಕು ಒಂದಿದೆ. ನಿಕ್ಕಲ್, ಟೈಟಾನಿಯಂ ಸೇರಿಸಿ ಮಾಡಿದ ನಿಟಿನಾಲ್ ಕೂಡ ಸ್ಮಾರ್ಟ್ ಗುಂಪಿನದೇ. ಅದರ ತಂತಿಯನ್ನು ಬಗ್ಗಿಸಿ ಬಿಸಿನೀರಿಗೆ ಹಾಕಿದರೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಅದನ್ನು ಮಿಡಿತ ಅನ್ನಬಹುದಾ? ಅದೊಂದಕ್ಕೇ ಆದರೆ 'ನೆನಪಿನ ಲೋಹ' ಸಾಕು, ಆದರೆ ಎರಡಕ್ಕೂ ಸೇರಿ ಒಂದು ಹೆಸರು ಬೇಕು. 'ಸ್ಪಂದಿಸುವ ವಸ್ತು' ಎರಡಕ್ಕೂ ಹೊಂದುತ್ತದೆ, ಒಪ್ಪುತ್ತೇನೆ. ಆದರೆ 'ಮನವಿಗೆ ಸ್ಪಂದಿಸಿದರು' ಅಂತ ದಿನಾ ಪೇಪರಿನಲ್ಲಿ ಓದಿ ಓದಿ ಆ ಪದ ಸವೆದುಹೋಗಿದೆ ಅನ್ನಿಸುತ್ತದೆ.

'ಮಿಡಿವಸ್ತು' ಅಂತ ಕೂಡಿಸಿ ಬರೆದರೆ ನಿಮಗೆ ಮೊದಲು ಮಾವಿನ ಮಿಡಿ ನೆನಪಾಗುತ್ತದಾ? ಬಿಡಿಸಿ 'ಮಿಡಿಯುವ ವಸ್ತು' ಅಂತಲೇ ಬರೆಯಲಾ? ಇನ್ನೊಂದು ಮಾತು. ಬೀದರ್, ಯಾದಗಿರಿ ಕಡೆಯ ಗೌಂಡಿಗಳು ಆ ಗಾಜಿನ ಪಟ್ಟಿಗೆ ಏನಾದರೂ ಹೆಸರು ಇಟ್ಟಿದ್ದಾರಾ? ಇದ್ದರೆ ದಯವಿಟ್ಟು ಕೇಳಿ ತಿಳಿಸಿ. ಅಧ್ಯಾಯವನ್ನು ಆ ಪದದಿಂದಲೇ ಶುರು ಮಾಡುತ್ತೇನೆ.