ಮಲೆನಾಡಿನ ಥಂಡಿಯಲ್ಲಿ ವಿಮಾನ ದಾಖಲೆಗಳನ್ನು ಕಾಪಾಡುವುದು ಹೇಗೆ? – ಪ್ರಶ್ನೋತ್ತರ

ಪ್ರಶ್ನೆ (ಸಾಗರ): ಮೇಡಂ, ನಮ್ಮದು ಹಂಚಿನ ಕಟ್ಟಡದಲ್ಲಿರುವ ಚಿಕ್ಕ ವೈಮಾನಿಕ ಸಂಗ್ರಹಾಲಯ. ನಾಲ್ಕು ಬೀರು ತುಂಬ ಪೈಲಟ್‌ಗಳ ಲಾಗ್‌ಬುಕ್ (ಹಾರಾಟ ಬರೆದಿಡುವ ಪುಸ್ತಕ), ಎಂಜಿನ್ ಲಾಗ್‌ಬುಕ್, ಎಚ್‌ಟಿ-2 ಮತ್ತು ಪುಷ್ಪಕ್ ವಿಮಾನಗಳ ನಕ್ಷೆ, ನೆಗೆಟಿವ್ ಇವೆ. ದಾನಿಯೊಬ್ಬರು ಸ್ಕ್ಯಾನರ್ ಕೊಡಿಸುತ್ತೇನೆ ಅಂದಿದ್ದಾರೆ. ಯಾವುದನ್ನು ಕೇಳೋಣ?

ಉತ್ತರ (ಕಾಗದ ಸಂರಕ್ಷಕಿ): ಅವರು ಒಪ್ಪಿದರೆ ಆ ದುಡ್ಡಿನಲ್ಲಿ ಮೊದಲು ಗಾಳಿಯ ತೇವ ಹೀರುವ ಯಂತ್ರ, ಅಂದರೆ ಒಂದು ಡಿಹ್ಯುಮಿಡಿಫೈಯರ್, ಎರಡು ಡಿಜಿಟಲ್ ತೇವಮಾಪಕ ತನ್ನಿ. ಆರಿದ್ರಾ ಮಳೆ ಹಿಡಿದ ಮೇಲೆ ನಿಮ್ಮ ಕಡೆ ಗಾಳಿಯ ತೇವಾಂಶ ಶೇ. 85–90 ದಾಟುತ್ತದೆ. ಶೇ. 65ರ ಮೇಲೆ ಕೆಲವು ದಿನ ನಿಂತರೂ ಬೂಷ್ಟು ಏಳುತ್ತದೆ. ನಾಲ್ಕು ಬೀರು ಸ್ಕ್ಯಾನ್ ಮಾಡಿ ಮುಗಿಸಲು ವರ್ಷಗಳೇ ಬೇಕು, ಅಲ್ಲಿಯವರೆಗೆ ಕಾಗದ ಬದುಕಿರಬೇಕಲ್ಲ.

ಹಂಚಿನ ಮಾಡಿನ ಕೆಳಗೆ ಇಡೀ ಹಾಲ್ ಒಣಗಿಸಲು ಹೋಗಬೇಡಿ, ಗಾಳಿ ಎಲ್ಲಿಂದಲೋ ನುಗ್ಗುತ್ತಲೇ ಇರುತ್ತದೆ. ಮಳೆಯ ಎರಚಲು ಬೀಳದ ಒಂದು ಒಳಕೋಣೆ ಆರಿಸಿ, ಮೇಲೆ ಸೀಲಿಂಗ್ ಹಾಕಿಸಿ, ಬಾಗಿಲು ಕಿಟಕಿಯ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿ. ಕಂಪ್ರೆಸರ್ ಇರುವ ಯಂತ್ರವೇ ಸಾಕು, ಆದರೆ ಎರಡು ಗುಣ ನೋಡಿ ಕೊಳ್ಳಿ. ನೀರು ಪೈಪಿನಲ್ಲಿ ತಾನಾಗಿ ಹೊರಹೋಗಬೇಕು. ಕರೆಂಟ್ ಹೋಗಿ ಬಂದಾಗ ತಾನಾಗಿ ಶುರುವಾಗಬೇಕು. ಎರಡನೆಯದಿಲ್ಲದಿದ್ದರೆ ಶನಿವಾರ ರಾತ್ರಿ ಕರೆಂಟ್ ಹೋದಾಗ ನಿಂತ ಯಂತ್ರ ಸೋಮವಾರದವರೆಗೂ ನಿಂತೇ ಇರುತ್ತದೆ. ತೇವಾಂಶ ಶೇ. 55ಕ್ಕೆ ಇಡಿ. ಇವತ್ತು 45, ನಾಳೆ 75 ಎಂಬ ಏರಿಳಿತಕ್ಕಿಂತ ಒಂದೇ ಸಮ 55 ಒಳ್ಳೆಯದು. ಬೀರುಗಳನ್ನು ಗೋಡೆಯಿಂದ ಅರ್ಧ ಅಡಿ ಮುಂದೆ, ನೆಲದಿಂದ ನಾಲ್ಕು ಇಂಚು ಮೇಲೆ ಇಡಿ. ಥಂಡಿ ಗೋಡೆಗೆ ತಾಗಿದ ಕಬ್ಬಿಣ ಒಳಗೇ ಬೆವರುತ್ತದೆ. ಬೀರುವಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ನಿಶ್ಚಿಂತರಾಗಬೇಡಿ. ರಬ್ಬರ್ ಅಂಚಿನ ಬಿಗಿ ಡಬ್ಬಿಯಲ್ಲಿ ಮಾತ್ರ ಅದು ಕೆಲಸ ಮಾಡುತ್ತದೆ.

ಪ್ರಶ್ನೆ (ತೀರ್ಥಹಳ್ಳಿ): ಒಂದು ಕಟ್ಟು ಲಾಗ್‌ಬುಕ್ಕಿಗೆ ಆಗಲೇ ಬೂಷ್ಟು ಹಿಡಿದಿದೆ. ಬಿಸಿಲಿಗೆ ಹಾಕಬಹುದೇ? ಅಡಿಕೆ ಡ್ರೈಯರ್ ಕೂಡ ಇದೆ.

ಉತ್ತರ (ಕಾಗದ ಸಂರಕ್ಷಕಿ): ಎರಡೂ ಬೇಡ. ಬಿಸಿಲಿಗೆ ಶಾಯಿ ಮಾಸುತ್ತದೆ. ಅಡಿಕೆಗೆ ಬೇಕಾದ ಬಿಸಿಗೆ ಕಾಗದ ಗರಿಗರಿಯಾಗಿ ಮುರಿಯುತ್ತದೆ, ರಟ್ಟಿನ ಅಂಟು ಬಿಡುತ್ತದೆ. ಆ ಕಟ್ಟನ್ನು ಬೇರೆ ಕೋಣೆಗೆ ಒಯ್ಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಇನ್ನೂ ಬೆಳೆಯುತ್ತದೆ. ಪುಸ್ತಕವನ್ನು ಬೀಸಣಿಗೆಯಂತೆ ಬಿಡಿಸಿ ನಿಲ್ಲಿಸಿ, ನಡುನಡುವೆ ಅಚ್ಚಾಗದ ನ್ಯೂಸ್‌ಪ್ರಿಂಟ್ ಹಾಳೆ ಇಡಿ, ಫ್ಯಾನ್ ಗೋಡೆಯ ಕಡೆ ತಿರುಗಿಸಿ. ನೇರ ಗಾಳಿ ಬಡಿದರೆ ಬೂಷ್ಟಿನ ಪುಡಿ ಮನೆಯೆಲ್ಲ ಹರಡುತ್ತದೆ.

ಹಸಿ ಬೂಷ್ಟು ಒರೆಸಿದರೆ ಕಾಗದದ ಎಳೆಯೊಳಕ್ಕೆ ಇಳಿಯುತ್ತದೆ. ಪೂರ್ತಿ ಒಣಗಿ ಪುಡಿಯಾದ ಮೇಲೆ ಎನ್‌95 ಮಾಸ್ಕ್, ನೈಟ್ರೈಲ್ ಗ್ಲೌಸ್ ಹಾಕಿಕೊಂಡು ಮೆತ್ತನೆಯ ಕುಂಚದಿಂದ ಹೆಪಾ ಫಿಲ್ಟರ್ (ಅತಿ ಸಣ್ಣ ಪುಡಿಯನ್ನೂ ತಡೆಯುವ ಜಾಲರಿ) ಇರುವ ವ್ಯಾಕ್ಯೂಮ್ ಬಾಯಿಗೆ ತಳ್ಳಿ. ಶೇ. 70ರ ಆಲ್ಕೊಹಾಲ್ ಬೀರುವಿನ ಹಲಗೆಗೆ ಮಾತ್ರ. ಲಾಗ್‌ಬುಕ್ಕಿನ ಬಾಲ್‌ಪೆನ್ ಶಾಯಿ, ನೇರಳೆ ರಬ್ಬರ್ ಸ್ಟಾಂಪು ಅದಕ್ಕೆ ಕರಗಿ ಹರಿಯುತ್ತವೆ, ಜೊತೆಗೆ ಹಾರಾಟದ ದಿನಾಂಕ, ಸಹಿ ಎರಡೂ ಹೋಗುತ್ತವೆ.

ಮಾಡು ಸೋರಿ ಪೂರ್ತಿ ನೆನೆದಿದ್ದರೆ ಲೆಕ್ಕ ಬೇರೆ. 48 ಗಂಟೆಯೊಳಗೆ ಒಣಗಿಸಲಾಗದಷ್ಟಿದ್ದರೆ ಐಸ್‌ಕ್ರೀಂ ಅಂಗಡಿಯವರ ಡೀಪ್ ಫ್ರೀಜರ್ ಕೇಳಿ, ಪಾಲಿಥಿನ್‌ನಲ್ಲಿ ಸುತ್ತಿ ಮೈನಸ್ 18ರಲ್ಲಿಡಿ. ಆಮೇಲೆ ಎರಡೆರಡೇ ಹೊರತೆಗೆದು ಒಣಗಿಸಬಹುದು. ಗಾಜಿನ ನೆಗೆಟಿವ್ ಮಾತ್ರ ಫ್ರೀಜರ್‌ಗೆ ಹಾಕಬಾರದು.

ಪ್ರಶ್ನೆ (ಸಾಗರ): ನಕ್ಷೆಗಳು ಸುರುಳಿಯಲ್ಲಿವೆ. ಕೆಲವು ನೀಲಿ, ಕೆಲವು ಬಿಳಿ. ಎಲ್ಲ ಒಟ್ಟಿಗೆ ಇಡಬಹುದೇ?

ಉತ್ತರ (ಕಾಗದ ಸಂರಕ್ಷಕಿ): ಖಂಡಿತ ಬೇಡ. ನೀಲಿ ನೆಲದ ಮೇಲೆ ಬಿಳಿ ಗೆರೆ ಇದ್ದರೆ ಬ್ಲೂಪ್ರಿಂಟ್. ತಿಳಿ ನೆಲದ ಮೇಲೆ ನೀಲಿ, ನೇರಳೆ ಅಥವಾ ಕಂದು ಗೆರೆ ಇದ್ದರೆ ಅಮೋನಿಯಾ ಪ್ರಿಂಟ್. ಅಮೋನಿಯಾ ಪ್ರಿಂಟಿನಲ್ಲಿ ಉಳಿದ ರಾಸಾಯನಿಕ ಪಕ್ಕದ ಹಾಳೆಗೆ ಕಲೆ ಹಿಡಿಸುತ್ತದೆ, ಅದಕ್ಕೆ ಪ್ರತ್ಯೇಕ ಫೋಲ್ಡರ್. ಬ್ಲೂಪ್ರಿಂಟಿಗೆ ಕ್ಷಾರ ಆಗದು. ಆರ್ಕೈವಲ್ ಅಂತ ಮಾರುವ ಫೋಲ್ಡರ್‌ಗಳಲ್ಲಿ ಹೆಚ್ಚಿನವಕ್ಕೆ ಸುಣ್ಣದ ಅಂಶ (ಇದನ್ನೇ ಬಫರ್ ಎನ್ನುತ್ತಾರೆ) ಸೇರಿಸಿರುತ್ತಾರೆ, ಬೇರೆ ಕಾಗದಕ್ಕೆ ಅದು ಒಳ್ಳೆಯದೇ, ಆದರೆ ಬ್ಲೂಪ್ರಿಂಟಿನ ನೀಲಿಯನ್ನು ಅದೇ ತಿಂದುಹಾಕುತ್ತದೆ. ಬಫರ್ ಇಲ್ಲದ್ದು ಎಂದೇ ಕೇಳಿ ತರಿಸಿ.

ತೆಳು ಬಟ್ಟೆಯ ಮೇಲೆ ಬರೆದ ಟ್ರೇಸಿಂಗ್ ಇದ್ದರೆ ನೀರು ಸೋಕಿಸಬೇಡಿ, ಅದರ ಗಂಜಿ ಲೇಪ ಒಂದು ಹನಿಗೂ ಕರಗುತ್ತದೆ. ಸುರುಳಿ ಬಿಡಿಸುವಾಗ ಬಲವಂತ ಬೇಡ. ಒಂದಡಿ ಬಿಡಿಸಿ, ಬಟ್ಟೆ ಸುತ್ತಿದ ಚಪ್ಪಟೆ ತೂಕ ಇಟ್ಟು, ಮರುದಿನ ಇನ್ನೊಂದಡಿ.

ಒಂದೇ ಭಾಗದ ನಕ್ಷೆ ಮೂರು ಪ್ರತಿ ಸಿಕ್ಕಿತೆಂದು ಎರಡನ್ನು ರದ್ದಿಗೆ ಹಾಕಬೇಡಿ. ಕೆಳಗಿನ ಬಲಮೂಲೆಯ ಚೌಕದಲ್ಲಿ ನಕ್ಷೆ ಸಂಖ್ಯೆಯ ಪಕ್ಕ ಇಶ್ಯೂ ಅಕ್ಷರ ಇರುತ್ತದೆ. ಎ, ಬಿ, ಸಿ ಎಂದು ಬದಲಾದಂತೆಲ್ಲ ಆ ಬಿಡಿಭಾಗದಲ್ಲಿ ಏನೋ ಬದಲಾಗಿದೆ ಎಂದರ್ಥ. ವಿಮಾನದ ಚರಿತ್ರೆ ಹುಡುಕುವವರಿಗೆ ಆ ಬದಲಾವಣೆಯೇ ಬೇಕು.

ಪ್ರಶ್ನೆ (ಶಿವಮೊಗ್ಗ): ಈಗಲಾದರೂ ಸ್ಕ್ಯಾನಿಂಗ್ ಬಗ್ಗೆ ಹೇಳಿ ಸರ್.

ಉತ್ತರ (ಸ್ಕ್ಯಾನಿಂಗ್ ತಂತ್ರಜ್ಞ): ಹಾಳೆಯನ್ನು ಎಳೆದುಕೊಳ್ಳುವ ಯಂತ್ರ ಹಳೆ ನಕ್ಷೆಗೆ ಬೇಡ, ಅಂಚಿನ ಹರುಕು ರೋಲರಿಗೆ ಸಿಕ್ಕಿದರೆ ಆರಪಾರ ಸೀಳುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಕೆಳಮುಖವಾಗಿ ಸ್ಟ್ಯಾಂಡಿಗೆ ಬಿಗಿದು, ಎರಡು ಬದಿಯಿಂದ 45 ಡಿಗ್ರಿಯಲ್ಲಿ ಒಂದೇ ಬಗೆಯ ದೀಪ ಕೊಡಿ. ಎ0 ಅಳತೆಯ (ಸುಮಾರು 84 × 119 ಸೆಂ.ಮೀ.) ನಕ್ಷೆಗೆ ಇಂಚಿಗೆ 300 ಪಿಕ್ಸೆಲ್ ಸಿಗಬೇಕಾದರೆ ಹತ್ತು ತುಣುಕು ಬೇಕು, ಪ್ರತಿ ತುಣುಕು ಪಕ್ಕದ್ದರ ಮೇಲೆ ಕಾಲುಭಾಗವಾದರೂ ಬರಬೇಕು. ಕ್ಯಾಮೆರಾ ಅಲ್ಲಾಡಿಸಬೇಡಿ, ನಕ್ಷೆಯಿಟ್ಟ ಹಲಗೆಯನ್ನೇ ಸರಿಸಿ. ಬಣ್ಣದ ಪಟ್ಟಿ, ಅಳತೆಯ ಸ್ಕೇಲ್ ಒಂದು ಚಿತ್ರದಲ್ಲಾದರೂ ಇರಲಿ. ಸ್ಕೇಲ್ ಇಲ್ಲದ ನಕ್ಷೆಯಿಂದ ಯಾರೂ ಅಳತೆ ತೆಗೆಯಲಾರರು.

ಇಂಚಿಗೆ ಇಷ್ಟು ಪಿಕ್ಸೆಲ್ ಎಂಬ ಲೆಕ್ಕದಲ್ಲಿ ಲಾಗ್‌ಬುಕ್ 400, ಫೋಟೊ 600, 35 ಮಿ.ಮೀ. ನೆಗೆಟಿವ್ 4000. ಮೂಲ ಪ್ರತಿ ಗುಣಮಟ್ಟ ಕುಗ್ಗಿಸದ ಟಿಫ್ ಫೈಲಿನಲ್ಲಿ, ಜನರಿಗೆ ತೋರಿಸಲು ಜೆಪೆಗ್. ಬಣ್ಣದ ಎ4 ಪುಟ 400ರಲ್ಲಿ ಸುಮಾರು 46 ಎಂಬಿ ಆಗುತ್ತದೆ, 200 ಪುಟದ ಲಾಗ್‌ಬುಕ್ ಒಂದೇ 9 ಜಿಬಿ ದಾಟುತ್ತದೆ. ಡಿಸ್ಕ್ ಕೊಳ್ಳುವ ಮುಂಚೆ ಈ ಗುಣಾಕಾರ ಮಾಡಿಕೊಳ್ಳಿ. ಮೂರು ಪ್ರತಿ ಇರಲಿ, ಒಂದು ಬೇರೆ ಊರಿನಲ್ಲಿ. ಪ್ರತಿ ಫೈಲಿಗೂ ಚೆಕ್‌ಸಮ್ (ಫೈಲು ಬದಲಾದರೆ ತಾನೂ ಬದಲಾಗುವ ಗುರುತಿನ ಸಂಖ್ಯೆ) ತೆಗೆದಿಟ್ಟು ಆರು ತಿಂಗಳಿಗೊಮ್ಮೆ ತಾಳೆ ನೋಡಿ.

ನೆಗೆಟಿವ್ ಡಬ್ಬಿ ತೆರೆದಾಗ ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ಕೊಳೆಯುತ್ತಿದೆ ಎಂದೇ ಲೆಕ್ಕ. ಆ ಆಮ್ಲ ಪಕ್ಕದ ಫಿಲ್ಮನ್ನೂ ಕೆಡಿಸುತ್ತದೆ. ಪಾಲಿಥಿನ್ ಕವರಿನಿಂದ ಬಿಡಿಸಿ ಕಾಗದದ ಲಕೋಟೆಗೆ ಹಾಕಿ, ದೂರ ಇಡಿ, ಎಲ್ಲಕ್ಕಿಂತ ಮೊದಲು ಅದನ್ನೇ ಸ್ಕ್ಯಾನ್ ಮಾಡಿ. ಈ ಒಂದು ವಿಷಯದಲ್ಲಿ ಸ್ಕ್ಯಾನರಿಗೇ ಆದ್ಯತೆ, ಏಕೆಂದರೆ ಶುರುವಾದ ಕೊಳೆತವನ್ನು ನಿಧಾನ ಮಾಡಬಹುದು, ನಿಲ್ಲಿಸಲಾಗದು.

ಪ್ರಶ್ನೆ (ಹೊಸನಗರ): ಹೆಸರು, ದಿನಾಂಕ ಏನೂ ಇಲ್ಲದ ಫೋಟೊಗಳನ್ನು ಪಟ್ಟಿ ಮಾಡುವುದು ಹೇಗೆ?

ಉತ್ತರ (ಸ್ಕ್ಯಾನಿಂಗ್ ತಂತ್ರಜ್ಞ): ಮೊದಲು ಬಾಲ ಮತ್ತು ರೆಕ್ಕೆಯ ಅಕ್ಷರ ನೋಡಿ. ವಿಟಿ ಎಂದು ಶುರುವಾದರೆ ಭಾರತದ ನಾಗರಿಕ ವಿಮಾನ, ಆ ನೋಂದಣಿಯೇ ನಿಮ್ಮ ಪಟ್ಟಿಯ ಮುಖ್ಯ ಕಲಂ. ಮಾದರಿ ಗುರುತಿಸಿದರೆ ಕಾಲದ ಒಂದು ಗಡಿ ಸಿಗುತ್ತದೆ. ಎಚ್‌ಟಿ-2 ಮೊದಲು ಹಾರಿದ್ದು 1951ರಲ್ಲಿ, ಪುಷ್ಪಕ್ 1958, ಮಾರುತ್ 1961, ಕಿರಣ್ 1964. ಅದಕ್ಕಿಂತ ಹಿಂದಿನ ಫೋಟೊ ಆಗಿರಲಾರದು. ಫೋಟೊದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಬರೆಯುವುದಿದ್ದರೆ 2ಬಿ ಪೆನ್ಸಿಲ್, ಅಂಚಿನಲ್ಲಿ ಮಾತ್ರ.

ಹಳೆಯ ಪಟ್ಟಿ ನುಡಿ ಅಥವಾ ಬರಹದ ಹಳೆ ಫಾಂಟಿನಲ್ಲಿದ್ದರೆ ಯೂನಿಕೋಡಿಗೆ ತಿರುಗಿಸಿ, ಒತ್ತಕ್ಷರ, ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಾರೆ ತಿದ್ದಿ. ಇಲ್ಲದಿದ್ದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹುಡುಕಿದರೆ ಏನೂ ಸಿಗದು.

ಪ್ರಶ್ನೆ (ಸಾಗರ): ಹಳೇ ವಿಮಾನದ ಮೀಟರುಗಳೂ ಅದೇ ಕೋಣೆಯಲ್ಲಿವೆ, ಪರವಾಗಿಲ್ಲವೇ?

ಉತ್ತರ (ಕಾಗದ ಸಂರಕ್ಷಕಿ): ಎರಡನೇ ಮಹಾಯುದ್ಧದ ಕಾಲದವಾದರೆ ಇವತ್ತೇ ಹೊರಗಿಡಿ. ಮುಳ್ಳು, ಅಂಕಿಗಳ ಬಣ್ಣದಲ್ಲಿ ರೇಡಿಯಂ ಎಂಬ ವಿಕಿರಣ ಸೂಸುವ ಲೋಹ ಇರಬಹುದು. ಹೊಳೆಯುವುದು ನಿಂತಿದೆ ಎಂದು ನಂಬಬೇಡಿ, ಸತ್ತಿರುವುದು ಹೊಳೆಯುವ ಪುಡಿ. ರೇಡಿಯಂ ಅರ್ಧದಷ್ಟಾಗಲು ಸುಮಾರು 1600 ವರ್ಷ ಬೇಕು. ಗಾಜು ಬಿಚ್ಚಬೇಡಿ, ಕೆರೆಯಬೇಡಿ. ಅವು ರೇಡಾನ್ ಎಂಬ ವಿಕಿರಣ ಅನಿಲ ಬಿಡುತ್ತವೆ, ದಾಖಲೆಯ ಕೋಣೆಯನ್ನೋ ನಾವು ಗಾಳಿಯಾಡದಂತೆ ಮುಚ್ಚಿರುತ್ತೇವೆ. ಬೀಗ ಹಾಕಿದ, ಗಾಳಿಯಾಡುವ ಬೇರೆ ಜಾಗಕ್ಕೆ ಸಾಗಿಸಿ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಪತ್ರ ಬರೆದು ಮುಂದಿನ ಕ್ರಮ ಕೇಳಿ.

ಪ್ರಶ್ನೆ (ಶಿವಮೊಗ್ಗ): ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದಾಗ ಊರಿನವರು ತೆಗೆದ ಮೊಬೈಲ್ ಫೋಟೊಗಳನ್ನೂ ಸೇರಿಸೋಣ ಅಂತಿದ್ದೇವೆ. ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಬಹುದೇ?

ಉತ್ತರ (ಸ್ಕ್ಯಾನಿಂಗ್ ತಂತ್ರಜ್ಞ): ಸೇರಿಸಲೇಬೇಕು. ಆದರೆ ಮಾಮೂಲಿ ಫೋಟೊ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ತೆಗೆದ ದಿನಾಂಕ, ಸ್ಥಳದ ಮಾಹಿತಿಯನ್ನೂ ಅಳಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಅಥವಾ ಕೇಬಲ್ ಹಾಕಿ ಫೋನಿನಿಂದಲೇ ಇಳಿಸಿಕೊಳ್ಳಿ. ತೆಗೆದವರ ಹೆಸರು, ಪ್ರಕಟಿಸಲು ಅನುಮತಿ, ಎರಡನ್ನೂ ಅಲ್ಲೇ ಬರೆಸಿಕೊಂಡು ಸಹಿ ಹಾಕಿಸಿ. ಫೋಟೊ ನಿಮಗೆ ಕೊಟ್ಟರೂ ಹಕ್ಕುಸ್ವಾಮ್ಯ ತೆಗೆದವರದೇ, ಅವರ ಕಾಲಾನಂತರವೂ 60 ವರ್ಷ.