ಮಣ್ಣಿಲ್ಲದ ಗಿಡವನ್ನು ‘ಹಚ್ಚು’ವುದು: ನಿಮ್ಮ ಕಡೆ ಏನನ್ನುತ್ತೀರಿ?

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಗಂಗಾವತಿಯವಳು. ಒಂದು ಕ್ರಿಯಾಪದದ ಬಗ್ಗೆ ನಿಮ್ಮ ನಿಮ್ಮ ಊರಿನ ಬಳಕೆ ತಿಳಿಯಬೇಕಾಗಿದೆ. ಪದ ‘ಹಚ್ಚು’. ಸಂದರ್ಭ, ಆರ್ಕಿಡ್ ಗಿಡವನ್ನು ಹಳೆಯ ಕುಂಡದಿಂದ ತೆಗೆದು ಹೊಸ ಕುಂಡಕ್ಕೆ ಹಾಕುವುದು.

ನಮ್ಮ ಓಣಿಯಲ್ಲಿ ಈಗ ನಾಲ್ಕೈದು ಮನೆಗಳಲ್ಲಿ ಆರ್ಕಿಡ್ ಇದೆ. ಎಲ್ಲವೂ ಫಲೆನಾಪ್ಸಿಸ್ ಎಂಬ ಜಾತಿಯವು. ಗೃಹಪ್ರವೇಶಕ್ಕೋ ಹುಟ್ಟುಹಬ್ಬಕ್ಕೋ ಉಡುಗೊರೆಯಾಗಿ ಬಂದಂಥವು. ನನ್ನದು ಮೂರನೇ ಬಾರಿ ಹೂ ಬಿಟ್ಟಿದ್ದನ್ನು ನೋಡಿ, ಹೇಗೆ ಮಾಡಬೇಕೆಂದು ಒಂದು ಹಾಳೆಯಲ್ಲಿ ಬರೆದುಕೊಡು ಅಂದರು. ಬರೆದುಕೊಟ್ಟೆ. ಅದರಲ್ಲಿ ‘ಮರುನಾಟಿ’ ಎಂಬ ಪದ ಬಳಸಿದೆ. ಅಲ್ಲೇ ತಪ್ಪಾಯಿತು.

ನಮ್ಮದು ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಕುಡಿಯುವ ಭತ್ತದ ನಾಡು. ಇಲ್ಲಿ ನಾಟಿ ಅಂದರೆ ಕೆಸರು. ಬೇರು ಕೆಸರಿನೊಳಗೆ ಇಳಿದು ಮೇಲೆ ನೀರು ನಿಂತರೇನೇ ಅದು ನಾಟಿ. ನನ್ನ ಹಾಳೆ ಓದಿದ ಪಕ್ಕದ ಮನೆಯ ಅಕ್ಕ ಕೆಮ್ಮಣ್ಣಿಗೆ ಸಗಣಿಗೊಬ್ಬರ ಬೆರೆಸಿ, ಕುಂಡದಲ್ಲಿ ತುಂಬಿ, ಆರ್ಕಿಡ್ಡಿನ ಬೇರನ್ನೆಲ್ಲ ಅಚ್ಚುಕಟ್ಟಾಗಿ ಮುಚ್ಚಿ, ದಿನವೂ ನೀರು ಹಾಕಿದರು. ಮೂರು ವಾರಕ್ಕೆ ಎಲೆ ಬುಡದಲ್ಲೇ ಕಳಚಿ ಬಂತು. ಅವರ ತಪ್ಪು ಏನೂ ಇಲ್ಲ. ಪದ ಹೇಳಿದ್ದನ್ನೇ ಅವರು ಮಾಡಿದ್ದಾರೆ. ಕೆಳಗೆಲ್ಲೋ ‘ಮಣ್ಣು ಬೇಡ’ ಎಂದು ನಾನು ಬರೆದಿದ್ದೆ, ಆದರೆ ಮೇಲಿದ್ದ ‘ನಾಟಿ’ ಅದನ್ನು ನುಂಗಿಬಿಟ್ಟಿತ್ತು. ‘ನೆಡು’ ಅಂದರೂ ಇದೇ ಆಗುತ್ತಿತ್ತು, ‘ಊರು’ ಅಂದರೂ ಇದೇ. ಈ ಮಾತುಗಳೆಲ್ಲ ನೆಲದೊಳಕ್ಕೆ ಇಳಿಯುವಂಥವು. ‘ಕುಂಡ ಬದಲಿಸು’ ಎನ್ನಬಹುದಿತ್ತು, ಆದರೆ ಅದು ಕುಂಡದ ಮಾತಾಯಿತೇ ಹೊರತು ಗಿಡದ್ದಲ್ಲ.

ಕಳೆದ ಜೂನ್‌ನಲ್ಲಿ ಹೂ ಉದುರಿದ ಮೇಲೆ ನನ್ನ ಗಿಡದ ಕುಂಡ ಬದಲಿಸುತ್ತಿದ್ದೆ. ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದಾದ್ದರಿಂದ ಏಪ್ರಿಲ್, ಮೇ ತಿಂಗಳಲ್ಲಿ ನಾನು ಈ ಗಿಡದ ಬೇರು ಮುಟ್ಟುವುದಿಲ್ಲ. ನಾಲ್ಕು ಹನಿ ಬಿದ್ದು ಗಾಳಿ ತಂಪಾಗಲಿ ಎಂದು ಕಾಯುತ್ತೇನೆ. ಹಳೆಯ ಪ್ಲಾಸ್ಟಿಕ್ ಕುಂಡ ಕತ್ತರಿಸಿದಾಗ ನಡುವೆ ನರ್ಸರಿಯವರು ತುರುಕಿದ್ದ ಪಾಚಿಯ ಗಂಟು ಇನ್ನೂ ಹಸಿಯಾಗಿತ್ತು. ಸುತ್ತಲಿನ ತೊಗಟೆ ಚೂರುಗಳು ಕೊಳೆತು ಪುಡಿಯಾಗಿದ್ದವು. ಹಿತ್ತಲ ಕಟ್ಟೆಯ ಮೇಲೆ ಕುಳಿತಿದ್ದ ನಮ್ಮತ್ತೆ ನೋಡುತ್ತಲೇ ಇದ್ದರು. ತೆಂಗಿನಕಾಯಿ ಸಿಪ್ಪೆಯನ್ನು ಹೆಬ್ಬೆರಳ ತುದಿಯಷ್ಟು ತುಂಡು ಮಾಡಿ, ಅದರ ಉಪ್ಪು ಬಿಡಲೆಂದು ಎರಡು ದಿನ ನೀರು ಬದಲಿಸಿ ನೆನೆಸಿಟ್ಟಿದ್ದೆ. ಜೊತೆಗೆ ಒಂದಿಷ್ಟು ಇದ್ದಲಿ ಚೂರು, ಪಕ್ಕದಲ್ಲೂ ತೂತಿರುವ ಮಣ್ಣಿನ ಕುಂಡ. ಅವರು ಕೇಳಿದ್ದು ಒಂದೇ ಮಾತು:

“ಇದನ್ನ ಮಣ್ಣಾಗ ಹಚ್ತಿಯೇನವ್ವ, ಸಿಪ್ಪಿಗೆ ಹಚ್ತಿಯೇನು?”

ನನ್ನ ಕತ್ತರಿ ಅಲ್ಲೇ ನಿಂತಿತು. ಒಂದೇ ಕ್ರಿಯಾಪದ, ಎರಡು ವಿಭಕ್ತಿ. ಮಣ್ಣಾಗ ಹಚ್ಚಿದರೆ ನೆಟ್ಟ ಹಾಗೆ, ಸಿಪ್ಪೆಗೆ ಹಚ್ಚಿದರೆ ಅಂಟಿಸಿದ ಹಾಗೆ. ನಮ್ಮ ಕಡೆ ಗಿಡ ಹಚ್ಚುತ್ತೇವೆ, ಮೆಣಸಿನ ಅಗಿ (ಸಸಿ) ಹಚ್ಚುತ್ತೇವೆ, ಗೋಡೆಗೆ ಸುಣ್ಣ, ರೊಟ್ಟಿಗೆ ಬೆಣ್ಣೆ, ಹಣೆಗೆ ಕುಂಕುಮ ಹಚ್ಚುತ್ತೇವೆ. ದೀಪ ಹಚ್ಚುತ್ತೇವೆ, ಫೋನೂ ಹಚ್ಚುತ್ತೇವೆ. ಮೈಸೂರು ಕಡೆಯ ಗೆಳತಿಯರು ದೀಪ ಹಚ್ಚುತ್ತಾರೆ, ಗಿಡ ಮಾತ್ರ ನೆಡುತ್ತಾರೆ. ಹಾಗಾಗಿ ನಮ್ಮ ‘ಗಿಡ ಹಚ್ಚು’ ಅವರಿಗೆ ಗಿಡಕ್ಕೆ ಬೆಂಕಿ ಇಟ್ಟಂತೆ ಕೇಳುತ್ತದಂತೆ. ಆದರೆ ಆರ್ಕಿಡ್ಡಿಗೆ ಇದಕ್ಕಿಂತ ಸರಿಯಾದ ಪದ ನನಗೆ ಸಿಕ್ಕಿಲ್ಲ. ಫಲೆನಾಪ್ಸಿಸ್ ಹುಟ್ಟಿದ ಕಾಡಿನಲ್ಲಿ ಅದು ಮರದ ತೊಗಟೆಗೆ ಹತ್ತಿಕೊಂಡು ಬದುಕುವ ಗಿಡ.

ಈ ‘ಹತ್ತು’ ಎಂಬುದನ್ನೂ ಗಮನಿಸಿ. ದೀಪ ಹಚ್ಚಿದರೆ ದೀಪ ಹತ್ತುತ್ತದೆ. ಅಗಿ ಹಚ್ಚಿದರೆ ಅಗಿ ಹತ್ತುತ್ತದೆ, ಅಂದರೆ ಬೇರು ಬಿಟ್ಟು ಜೀವ ಹಿಡಿಯುತ್ತದೆ. ಹಳಗನ್ನಡದ ‘ಪತ್ತು’ ಎಂಬುದಕ್ಕೆ ಅಂಟು, ಏರು ಎಂಬ ಎರಡೂ ಅರ್ಥಗಳಿವೆ. ಮರ ಏರಿ ಅಂಟಿಕೊಂಡ ಗಿಡಕ್ಕೆ ಎರಡೂ ಒಪ್ಪುತ್ತವೆ. ನನ್ನ ಗಿಡವನ್ನು ಹೊಸ ಕುಂಡಕ್ಕೆ ಹಾಕಿ, ಅಲ್ಲಾಡದಂತೆ ಕೋಲಿಗೆ ಕಟ್ಟಿ, ಕಡಿದ ಬೇರಿನ ಗಾಯ ಮಾಯಲೆಂದು ನಾಲ್ಕು ದಿನ ನೀರು ಕೊಡದೆ ನೆರಳಲ್ಲಿಟ್ಟೆ. ಅಲ್ಲಾಡಿದರೆ ಹೊಸ ಬೇರಿನ ಎಳೆ ತುದಿ ಸಿಪ್ಪೆಗೆ ಉಜ್ಜಿ ಸಾಯುತ್ತದೆ. ತಿಂಗಳಾದ ಮೇಲೆ ಅತ್ತೆ ಎಲೆಯ ಬುಡ ಹಿಡಿದು ಮೆಲ್ಲಗೆ ಎತ್ತಿ ನೋಡಿದರು. ಗಿಡದೊಂದಿಗೆ ಸಿಪ್ಪೆ ತುಂಡುಗಳೂ ಮೇಲೆದ್ದವು. “ಹತ್ತೇತಿ” ಅಂದರು.

ಬೇರಿನ ಪದಗಳಲ್ಲೂ ಭತ್ತವೇ ನೆರವಿಗೆ ಬಂತು. ಆರ್ಕಿಡ್ ಬೇರಿನ ಮೇಲೆ ಸ್ಪಂಜಿನಂಥ ಪದರ ಇರುತ್ತದೆ. ಒಣಗಿದಾಗ ಬೆಳ್ಳಿಬೂದು, ನೀರು ಬಿದ್ದೊಡನೆ ಹಸಿರು. ಯಾವ ಬೇರು ಉಳಿಸಬೇಕು, ಯಾವುದನ್ನು ಕತ್ತರಿಸಬೇಕು ಎಂಬುದಕ್ಕೆ ಬಣ್ಣ ನಂಬಬಾರದು, ಎರಡು ಬೆರಳಲ್ಲಿ ಹಿಡಿದು ಒತ್ತಬೇಕು. ಗಟ್ಟಿ ಇದ್ದರೆ ಜೀವಂತ. ಸತ್ತದ್ದಾದರೆ ಪದರ ಕಳಚಿ ಒಳಗಿನ ದಾರ ಕೈಗೆ ಬರುತ್ತದೆ. ಅದಕ್ಕೆ ಅತ್ತೆ ‘ಜೊಳ್ಳು ಬೇರು’ ಅಂದರು. ತೂರುವಾಗ ಗಾಳಿಗೆ ಹಾರಿಹೋಗುವ ಕಾಳಿಲ್ಲದ ಭತ್ತದ ಹೆಸರು. ನನ್ನ ಹೊಸ ಹಾಳೆಯಲ್ಲಿ ಅದನ್ನೇ ಬರೆದಿದ್ದೇನೆ. ಓಣಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಕುಂಡದಿಂದ ಹೊರಗೆ ಚಾಚುವ ಬೇರಿಗೆ ಏನನ್ನಬೇಕು? ಆಲದ ‘ಬಿಳಲು’ ಹತ್ತಿರದ ಪದ, ಆದರೆ ಬಿಳಲಿಗೆ ನೆಲ ಬೇಕು, ಇದಕ್ಕೆ ಬೇಡ. ‘ಗಾಳಿಬೇರು’ ಎಂದು ಬರೆದಿದ್ದೇನೆ. ಇನ್ನು, ಮರದ ಮೇಲಿನ ಆರ್ಕಿಡ್ಡನ್ನು ‘ಬದನಿಕೆ’ ಎನ್ನುವವರಿದ್ದಾರೆ. ಇದನ್ನು ಖಂಡಿತ ಒಪ್ಪಲಾರೆ. ಬದನಿಕೆ ಮಾವಿನ ಕೊಂಬೆಯ ಒಳಕ್ಕೆ ಬೇರಿಳಿಸಿ ರಸ ಹೀರುತ್ತದೆ. ಆರ್ಕಿಡ್ ಮರದಿಂದ ಜಾಗ ಮಾತ್ರ ಪಡೆಯುತ್ತದೆ. ಆ ಹೆಸರಿಟ್ಟರೆ ಮರ ಉಳಿಸಲು ಗಿಡವನ್ನು ಕಿತ್ತೆಸೆಯುತ್ತಾರೆ.

ಮರದ ಮೇಲೆ ಬೆಳೆಯುವ ಒಂದು ಆರ್ಕಿಡ್ಡಿಗೆ ಮಲೆನಾಡಿನವರಿಟ್ಟ ‘ಸೀತಾಳೆದಂಡೆ’ ಎಷ್ಟು ಚೆಂದದ ಹೆಸರು! ದಂಡೆ ಅಂದರೆ ಮುಡಿಯುವ ಮಾಲೆ. ಅದೇ ಹೂ ಅಸ್ಸಾಮಿನ ರಾಜ್ಯಪುಷ್ಪ, ಬಿಹು ಹಬ್ಬದಲ್ಲಿ ಅಲ್ಲಿಯ ಹೆಣ್ಣುಮಕ್ಕಳು ಅದನ್ನು ತುರುಬಿಗೆ ಮುಡಿಯುತ್ತಾರೆ.

ಇನ್ನೊಂದು ಪದ. ಫಲೆನಾಪ್ಸಿಸ್‌ನ ಹೂದಂಟಿನ ಗೆಣ್ಣಿನಲ್ಲಿ ಒಮ್ಮೊಮ್ಮೆ ಪುಟ್ಟ ಗಿಡವೇ ಹುಟ್ಟುತ್ತದೆ. ಬೆಳೆಸುವವರು ಜಗತ್ತಿನಾದ್ಯಂತ ಇದನ್ನು ‘ಕೇಕಿ’ ಎನ್ನುತ್ತಾರೆ, ಹವಾಯಿ ಭಾಷೆಯಲ್ಲಿ ಮಗು ಎಂದರ್ಥ. ನಮ್ಮ ಪಕ್ಕದ ಆನೆಗೊಂದಿಯ ತೋಟಗಳಲ್ಲಿ ಬಾಳೆಯ ಬುಡದಲ್ಲೇಳುವ ಮರಿಗೆ ‘ಕಂದು’ ಎಂಬ ಪದ ಇದೆಯಲ್ಲ, ಅದೇ ಇದಕ್ಕೂ ಸಲ್ಲಬೇಕು. ಎರಡು ಮೂರು ಎಲೆ, ಎರಡಿಂಚು ಬೇರು ಬಂದ ಮೇಲೆ ಕಂದು ಕತ್ತರಿಸಿ ಬೇರೆ ಹಚ್ಚಬೇಕು ಎಂದು ಬರೆದಿದ್ದೇನೆ. ಬಾಳೆಯ ಕಂದು ನೆಲದಿಂದ ಏಳುತ್ತದೆ, ಇದು ದಂಟಿನ ಮೇಲೆ. ಅಷ್ಟರಿಂದ ಪದ ಬಾಧಿತವಾಗುತ್ತದೆಯೇ, ಹೇಳಿ.

ಮುಖ್ಯವಾಗಿ ಕೇಳಬೇಕಾದ್ದು ಮಲೆನಾಡು, ಕೊಡಗಿನವರನ್ನು. ಮಳೆಗಾಲದಲ್ಲಿ ಕೊಂಬೆ ಮುರಿದು ಸೀತಾಳೆ ನೆಲಕ್ಕೆ ಬಿದ್ದರೆ ಅದನ್ನು ಎತ್ತಿ ಬೇರೆ ಮರಕ್ಕೆ ಸೇರಿಸುತ್ತೀರಲ್ಲ, ಆ ಕೆಲಸಕ್ಕೆ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ? ಕಟ್ಟು, ಕೂರಿಸು, ಅಂಟಿಸು, ಇಲ್ಲವೇ ನಾನು ಕೇಳಿರದ ಬೇರೊಂದು ಪದವೇ? ಮತ್ತು ಅದು ಬದುಕಿಕೊಂಡಿತು ಎನ್ನಲು ‘ಹತ್ತಿತು’ ಎನ್ನುವ ರೂಢಿ ಅಲ್ಲೂ ಇದೆಯೇ?