ಶೋನಾ ದಂಪತಿಗಳು ಪರಸ್ಪರ ಕರೆಯುವ ಪದ್ಧತಿ ಮತ್ತು ದಾಂಪತ್ಯದ ಹೊಂದಾಣಿಕೆ

ಪ್ರಶ್ನೆ (ಬಸವನಗುಡಿ ನಿವಾಸಿ):
ಬೆಂಗಳೂರಿನ ನಮ್ಮ ಮನೆಯ ಮಹಡಿಯಲ್ಲಿ ಜಿಂಬಾಬ್ವೆಯ ಶೋನಾ ದಂಪತಿ ಬಾಡಿಗೆಗಿದ್ದಾರೆ. ಪತಿಯು ಪತ್ನಿಯನ್ನು ‘ಮಾಮೋಯೊ’ ಎಂದೂ, ಆಕೆ ಪತಿಯನ್ನು ‘ಶುಂಬಾ’ ಎಂದೂ ಕರೆಯುತ್ತಾರೆಯೇ ಹೊರತು ಹೆಸರು ಹಿಡಿದು ಕೂಗಿದ್ದನ್ನು ನಾನು ಕೇಳಿಲ್ಲ. ನಮ್ಮ ಅತ್ತೆಯವರೂ ಮಾವನವರ ಹೆಸರು ಹೇಳುವುದಿಲ್ಲ; ಆದರೆ ಮಾವನವರು ಅತ್ತೆಯವರನ್ನು ಏಕವಚನದಲ್ಲಿಯೇ ಕರೆಯುತ್ತಾರೆ. ಶೋನಾ ಪದ್ಧತಿಯೂ ಇಂತಹ ಒಮ್ಮುಖದ ಕಟ್ಟಳೆಯೇ? ಅದರಿಂದ ಸಂಸಾರಕ್ಕೆ ನಿಜವಾಗಿ ಒಳಿತಾಗುತ್ತದೆಯೇ?

ಉತ್ತರ 1 (ಮಾನವಶಾಸ್ತ್ರದ ಅಧ್ಯಾಪಕಿ):
ಒಮ್ಮುಖವಲ್ಲ ಎಂಬುದೇ ಅದರ ಹಿರಿಮೆ. ಶೋನಾ ಜನರಲ್ಲಿ ಪ್ರತಿಯೊಬ್ಬರಿಗೂ ತಂದೆಯ ಕಡೆಯಿಂದ ‘ಮುತುಪೊ’ ಎಂಬ ಕುಲಲಾಂಛನ ಬರುತ್ತದೆ. ಶುಂಬಾ ಎಂದರೆ ಸಿಂಹ, ಮೋಯೊ ಎಂದರೆ ಹೃದಯ. ಮೋಯೊ ಕುಲದವರು ಪ್ರಾಣಿಗಳ ಹೃದಯವನ್ನು ತಿನ್ನಬಾರದೆಂಬ ನಿಷೇಧವೂ ಉಂಟು. ಒಂದೇ ಮುತುಪೊದವರು ಮದುವೆಯಾಗುವಂತಿಲ್ಲವಾದ್ದರಿಂದ ಗಂಡ ಹೆಂಡಿರ ಕುಲಗಳು ಸಾಮಾನ್ಯವಾಗಿ ಬೇರೆಬೇರೆಯಾಗಿರುತ್ತವೆ, ಮತ್ತು ಮದುವೆಯ ನಂತರವೂ ಹೆಣ್ಣಿನ ಮುತುಪೊ ಬದಲಾಗುವುದಿಲ್ಲ. ಮೋಯೊ ಕುಲದ ಹೆಣ್ಣು ಮುಪ್ಪಿನವರೆಗೂ ಮಾಮೋಯೊ. ಮ್ಹೋಫು, ಅಂದರೆ ಎಲ್ಯಾಂಡ್ ಎಂಬ ದೊಡ್ಡ ಜಿಂಕೆಯಂತಹ ಪ್ರಾಣಿಯ ಕುಲದವಳನ್ನು ಚಿಹೇರಾ ಎನ್ನುತ್ತಾರೆ. ಮದುವೆಯೊಡನೆ ಹೆಣ್ಣಿನ ಗೋತ್ರವನ್ನೇ ಬದಲಿಸುವ ನಮ್ಮ ಮನೆಗಳನ್ನು ನೆನೆದಾಗ ನನಗೆ ಇದು ಸಣ್ಣ ಸಂಗತಿಯೆಂದು ಅನ್ನಿಸುವುದಿಲ್ಲ. ಗಂಡನು ಪ್ರತಿ ಬಾರಿ ಕರೆಯುವಾಗಲೂ ಅವಳ ತವರಿನ ಹಿರಿಯರನ್ನು ಮನ್ನಿಸಿದಂತಾಗುತ್ತದೆ. ಕೃತಜ್ಞತೆ ಹೇಳುವಾಗಲೂ ‘ಮಾಯಿತಾ ಶುಂಬಾ’ ಎಂದು ಕುಲವನ್ನೇ ಕರೆಯುತ್ತಾರೆ. ಮಕ್ಕಳಾದ ಮೇಲೆ ಮಗುವಿನ ಹೆಸರು ಸೇರಿಸಿ ‘ಬಾಬಾ’, ‘ಮಾಯಿ’ ಎನ್ನುವ ರೂಢಿಯೂ ಇದೆ.

ಉತ್ತರ 2 (ಧಾರವಾಡ ಮೂಲದವರು, ಈಗ ವಿಜಯನಗರ):
ನಮ್ಮ ಅನೇಕ ಸಮುದಾಯಗಳಲ್ಲಿಯೂ ಪ್ರಾಣಿ, ಮರಗಳ ಹೆಸರಿನ ಬೆಡಗುಗಳಿದ್ದು, ಒಂದೇ ಬೆಡಗಿನೊಳಗೆ ಸಂಬಂಧ ಬೆಳೆಸುವುದಿಲ್ಲ. ಆದರೆ ಬೆಡಗು ಹೆಣ್ಣು ನೋಡುವಾಗ ಮಾತ್ರ ನೆನಪಾಗುತ್ತದೆ, ಅದರಿಂದ ಯಾರೂ ಹೆಂಡತಿಯನ್ನು ಕರೆಯುವುದಿಲ್ಲ. ಉತ್ತರ ಕರ್ನಾಟಕದ ಮದುವೆಗಳಲ್ಲಿ ಒಡಪು ಕಟ್ಟಿ ಗಂಡನ ಹೆಸರು ಹೇಳುವ ಸೊಗಸು ನನಗೆ ಬಹಳ ಪ್ರಿಯ.

ಉತ್ತರ 3 (ಕುಟುಂಬ ಆಪ್ತಸಮಾಲೋಚಕಿ):
ಅಧ್ಯಾಪಕಿಯವರ ಮಾತನ್ನು ಒಪ್ಪುತ್ತಲೇ ಒಂದು ಎಚ್ಚರಿಕೆಯನ್ನು ಸೇರಿಸಬೇಕಾಗಿದೆ. ಅದೇ ಸಂಪ್ರದಾಯದಲ್ಲಿ ಹೆಂಡತಿಯು ಮಂಡಿಯೂರಿ ಊಟ ಬಡಿಸಬೇಕೆಂಬ ನಿರೀಕ್ಷೆಯಿದೆ. ಗಂಡಿನವರು ‘ರೋರಾ’ ಎಂಬ ವಧುದಕ್ಷಿಣೆಯನ್ನು ತೆತ್ತಿರುವುದೂ ಕೆಲವೆಡೆ ಅವಳ ಬಾಯಿ ಕಟ್ಟುತ್ತದೆ. ಹೊಂದಾಣಿಕೆಯನ್ನು ಕಾಯುವುದು ಸಂಬೋಧನೆಯೊಂದೇ ಅಲ್ಲ. ಹೆಣ್ಣಿಗೆ ತಂದೆಯ ಸೋದರಿಯಾದ ‘ತೇತೆ’ ಇರುತ್ತಾಳೆ; ಮದುವೆಗೆ ಮುನ್ನವೂ ಆಮೇಲೂ ಬುದ್ಧಿ ಹೇಳುವವಳು, ಜಗಳವಾದಾಗ ಅಳಲು ಕೇಳುವವಳು ಅವಳೇ. ನನ್ನ ಬಳಿ ಬರುವ ಬೆಂಗಳೂರಿನ ಎಷ್ಟೋ ದಂಪತಿಗಳು ಒಬ್ಬರನ್ನೊಬ್ಬರು ಮರ್ಯಾದೆಯಿಂದಲೇ ಮಾತನಾಡಿಸುತ್ತಾರೆ. ಅವರಿಗಿಲ್ಲದಿರುವುದು ಇಂತಹ ನಂಬಿಕಸ್ಥ ಹಿರಿಯರು.